ಡೇಟಾಬೇಸ್‌ಗೆ ಬೀಗ: ಕಳ್ಳನಿಗೆ ಸಲೀಸು, ಗುಮಾಸ್ತನಿಗೆ ಸಂಕಟ

ಹಳೆಯ ಕಂಪ್ಯೂಟರಿನ ಯಾವುದೋ ಫೋಲ್ಡರಿನಲ್ಲಿ ‘ಎಂಡಿಬಿ’ ಎಂಬ ಬಾಲ ಹೊತ್ತ ಫೈಲೊಂದು ನಿಮ್ಮ ಕಚೇರಿಯಲ್ಲೂ ಇದ್ದೀತು. ಸಹಕಾರ ಸಂಘದ ಸದಸ್ಯರ ಪಟ್ಟಿ, ಶಾಲೆಯ ದಾಖಲಾತಿ, ನರ್ಸಿಂಗ್ ಹೋಮಿನ ರೋಗಿಗಳ ವಿವರ, ಗ್ರಂಥಾಲಯದ ಪುಸ್ತಕಗಳ ಲೆಕ್ಕ, ಒಳಗೆ ಏನು ಬೇಕಾದರೂ ಇರಬಹುದು. ಎರಡು ಸಲ ಕ್ಲಿಕ್ ಮಾಡಿದರೆ ಪಾಸ್‌ವರ್ಡ್ ಕೇಳುತ್ತದೆ. ಕೇಳಲಿ. ಆ ಫೈಲಿನ ಒಂದು ಪ್ರತಿ ಮಾಡಿಕೊಂಡು ಪ್ರತಿಯನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಮೊದಲ ಸಾಲಿನಲ್ಲೇ ‘ಸ್ಟ್ಯಾಂಡರ್ಡ್ ಜೆಟ್ ಡಿಬಿ’ ಎಂಬ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಸುತ್ತ ಚಿತ್ರವಿಚಿತ್ರ ಚಿಹ್ನೆಗಳು. ಬೇಸರಪಡದೆ ಕೆಳಗಿಳಿಯುತ್ತ ಹೋದರೆ ಹೆಸರುಗಳು, ಊರುಗಳು, ಫೋನ್ ನಂಬರುಗಳು ಒಂದೊಂದಾಗಿ ಎದುರಾಗುತ್ತವೆ. ಪಾಸ್‌ವರ್ಡ್ ಒತ್ತದೆಯೇ ನೀವು ಒಳಗಿದ್ದೀರಿ.

ಹೆಸರುಗಳನ್ನು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಅವು ತಲೆಬುಡವಿಲ್ಲದ ಲ್ಯಾಟಿನ್ ಅಕ್ಷರಗಳಾಗಿ ಕಾಣುತ್ತವೆ. ಅದನ್ನು ನೋಡಿ ‘ನಮ್ಮ ಡೇಟಾ ಭದ್ರವಾಗಿದೆ’ ಎಂದುಕೊಂಡವರಿದ್ದಾರೆ. ಅದು ಫಾಂಟಿನ ಕಿತಾಪತಿಯೇ ಹೊರತು ಪಾಸ್‌ವರ್ಡಿನ ಮಹಿಮೆಯಲ್ಲ. ಆ ಸಾಲನ್ನು ಕಾಪಿ ಮಾಡಿ ವರ್ಡಿಗೆ ಅಂಟಿಸಿ, ಸರಿಯಾದ ಫಾಂಟ್ ಆರಿಸಿದರೆ ಕನ್ನಡ ಅಚ್ಚುಕಟ್ಟಾಗಿ ಎದ್ದು ಬರುತ್ತದೆ.

ಮೈಕ್ರೊಸಾಫ್ಟ್ ಕಂಪನಿಯ ಆಕ್ಸೆಸ್ ಎಂಬ ತಂತ್ರಾಂಶದ ಮೊದಲ ಆವೃತ್ತಿ ಹೊರಬಂದದ್ದು 1992ರ ನವೆಂಬರಿನಲ್ಲಿ. ಸರ್ವರ್ ಬೇಡ, ಪ್ರತ್ಯೇಕ ಎಂಜಿನಿಯರ್ ಬೇಡ. ಇಡೀ ಡೇಟಾಬೇಸ್ ಒಂದೇ ಫೈಲಿನಲ್ಲಿ. ಫ್ಲಾಪಿಗೆ ಹಾಕಿಕೊಂಡು ಮನೆಗೆ ಒಯ್ಯಬಹುದು. ಸಣ್ಣ ಕಚೇರಿಗಳಿಗೆ ಬೇಕಾಗಿದ್ದದ್ದು ಇದೇ. ಆದರೆ ಪಾಸ್‌ವರ್ಡಿನ ತಾಪತ್ರಯವೆಲ್ಲ ಹುಟ್ಟುವುದೂ ಇಲ್ಲಿಂದಲೇ. ಬ್ಯಾಂಕಿನ ಸರ್ವರಿನಲ್ಲಿ ಡೇಟಾ ಒಂದು ಕಡೆ, ನೀವು ಇನ್ನೊಂದು ಕಡೆ. ನಡುವೆ ಕಾವಲು ಕಾಯುವ ತಂತ್ರಾಂಶ ನಿಮ್ಮ ಗುರುತು ಕೇಳಿ, ಬೇಕಾದಷ್ಟನ್ನು ಮಾತ್ರ ಕೊಡುತ್ತದೆ. ಆಕ್ಸೆಸ್‌ನಲ್ಲಿ ಹಾಗಲ್ಲ, ಫೈಲೇ ನಿಮ್ಮ ಕೈಯಲ್ಲಿದೆ. ಪಾಸ್‌ವರ್ಡ್ ಕೇಳುವುದು ಆಕ್ಸೆಸ್ ಎಂಬ ತಂತ್ರಾಂಶವೇ ಹೊರತು ಫೈಲಲ್ಲ. ಆ ತಂತ್ರಾಂಶವನ್ನು ಬಿಟ್ಟು ಬೇರೊಂದರಿಂದ ಫೈಲನ್ನು ಓದಿದರೆ ಕೇಳುವವರೇ ಇಲ್ಲ. ಬಯಲಲ್ಲಿ ಗೋಡೆಯಿಲ್ಲದೆ ನಿಂತ ಬಾಗಿಲಿಗೆ ಬೀಗ ಜಡಿದಂತೆ.

ಆ ಬೀಗ ಎಂಥದ್ದಿತ್ತು ಎಂಬುದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಆಕ್ಸೆಸ್ 97ರ ಫೈಲಿನಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಇರುತ್ತಿದ್ದದ್ದು ಆ ಫೈಲಿನ ಹಣೆಯಲ್ಲೇ, ಅಂದರೆ ಹೆಡರಿನಲ್ಲಿ. 20 ಅಕ್ಷರಗಳಿಗೆ ಜಾಗ. ಇದ್ದಂತೆಯೇ ಬರೆದಿಡುತ್ತಿರಲಿಲ್ಲ ಎನ್ನುವುದಷ್ಟೇ ಸಮಾಧಾನ. ಪ್ರತಿ ಅಕ್ಷರದ ಸಂಖ್ಯೆಯನ್ನೂ ಒಂದು ಗೊತ್ತಾದ ಸಂಖ್ಯೆಯ ಜೊತೆ ‘ಎಕ್ಸ್‌ಆರ್’ ಎಂಬ ಸರಳ ಲೆಕ್ಕಕ್ಕೆ ಒಳಪಡಿಸಿ ಬರುವ ಉತ್ತರವನ್ನು ಬರೆದಿಡುತ್ತಿತ್ತು. ಆ ಗೊತ್ತಾದ ಸಂಖ್ಯೆಗಳ ಸಾಲು 134, 251, 236, 55 ಎಂದು ಶುರುವಾಗುತ್ತದೆ. ಯಾರೋ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ‘ರಾಮ’ ಎಂದು ಪಾಸ್‌ವರ್ಡ್ ಇಟ್ಟರೆನ್ನಿ. ಆರ್, ಎ, ಎಂ, ಎ ಅಕ್ಷರಗಳ ಸಂಖ್ಯೆ ಕ್ರಮವಾಗಿ 82, 65, 77, 65. ಲೆಕ್ಕ ಮಾಡಿದಾಗ ಫೈಲಿನಲ್ಲಿ ಕೂರುವುದು 212, 186, 161, 118. ಇದೇ ಲೆಕ್ಕವನ್ನು ಮತ್ತೊಮ್ಮೆ ಮಾಡಿದರೆ 82, 65, 77, 65 ವಾಪಸು ಬರುತ್ತದೆ. ಎಕ್ಸ್‌ಆರ್‌ನ ಗುಣವೇ ಅದು, ಎರಡು ಸಲ ಮಾಡಿದರೆ ಹೊರಟಲ್ಲಿಗೇ ಮರಳುತ್ತದೆ.

ತಮಾಷೆ ಇರುವುದು ಮುಂದೆ. ಪಾಸ್‌ವರ್ಡ್ ಇಲ್ಲದ ಫೈಲಿನಲ್ಲಿ ಆ ಜಾಗದಲ್ಲಿ ಏನಿರುತ್ತದೆ? ಸೊನ್ನೆಯನ್ನು 134ರ ಜೊತೆ ಎಕ್ಸ್‌ಆರ್ ಮಾಡಿದರೆ 134. ಹಾಗಾಗಿ ಪಾಸ್‌ವರ್ಡ್ ಇಲ್ಲದ ಯಾವ ಫೈಲನ್ನು ತೆರೆದರೂ ಆ ಗುಟ್ಟಿನ ಸಂಖ್ಯೆಗಳ ಸಾಲು ಇದ್ದಂತೆಯೇ ಕೂತಿರುತ್ತದೆ. ಜಗತ್ತಿನ ಎಲ್ಲ ಆಕ್ಸೆಸ್ 97 ಫೈಲುಗಳಿಗೂ ಅದೇ ಸಾಲು. ಒಂದರ ಗುಟ್ಟು ತಿಳಿದವನಿಗೆ ಎಲ್ಲದರ ಗುಟ್ಟೂ ತಿಳಿದಂತೆ. ಆಕ್ಸೆಸ್ 2000ದಲ್ಲಿ ಒಂದಿಷ್ಟು ಬಿಗಿ ಮಾಡಿದರು. ಫೈಲು ಹುಟ್ಟಿದ ದಿನಾಂಕವನ್ನೂ ಈ ಲೆಕ್ಕದಲ್ಲಿ ಬೆರೆಸಿದರು. ಆದರೆ ಆ ದಿನಾಂಕವನ್ನು ಬರೆದಿಟ್ಟದ್ದು ಅದೇ ಹೆಡರಿನಲ್ಲಿ! ಡೇಟಾವನ್ನು ಎನ್‌ಕ್ರಿಪ್ಟ್ ಮಾಡುವ ಬೇರೊಂದು ಸೌಲಭ್ಯವೂ ಮೆನುವಿನಲ್ಲಿತ್ತು. ಅದರ ಕೀಲಿಯೂ ಹೆಡರಿನಲ್ಲೇ ಇರುತ್ತಿತ್ತು.

ಆ ಕಾಲಕ್ಕೆ ಇದಕ್ಕಿಂತ ಒಳ್ಳೆಯದು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಬೆಲ್ ಲ್ಯಾಬ್ಸ್‌ನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲೇ ಯುನಿಕ್ಸ್ ವ್ಯವಸ್ಥೆಯ ಪಾಸ್‌ವರ್ಡುಗಳ ಬಗ್ಗೆ ಪ್ರಬಂಧ ಬರೆದು, ಪಾಸ್‌ವರ್ಡನ್ನು ಎಲ್ಲಿಯೂ ಇಡಬಾರದು, ಹಿಂತಿರುಗಿಸಲಾಗದ ಲೆಕ್ಕವೊಂದರ ಉತ್ತರವನ್ನು ಮಾತ್ರ ಇಡಬೇಕು, ಅದಕ್ಕೂ ಒಂದು ಚಿಟಿಕೆ ‘ಉಪ್ಪು’, ಅಂದರೆ ಪ್ರತಿ ಪಾಸ್‌ವರ್ಡಿಗೂ ಬೇರೆಯಾಗಿ ಆರಿಸಿದ ಒಂದು ಸಂಖ್ಯೆ, ಬೆರೆಸಬೇಕು ಎಂಬುದನ್ನು ವಿವರಿಸಿದ್ದರು. ಹದಿನೆಂಟು ವರ್ಷಗಳ ನಂತರ ಬಂದ ಆಫೀಸ್ ತಂತ್ರಾಂಶ ಆ ಪಾಠವನ್ನು ಪಕ್ಕಕ್ಕಿಟ್ಟಿತ್ತು. ಪಕ್ಕದ ಮೇಜಿನವರ ಕುತೂಹಲ ತಡೆದರೆ ಸಾಕು ಎಂಬುದು ಆಗಿನ ಅಂದಾಜು ಇದ್ದಿರಬೇಕು. ಬಳಸಿದವರು ಅದನ್ನು ತಿಜೋರಿ ಎಂದು ನಂಬಿದರು.

ಹಾಗಾದರೆ ಲಾಗಿನ್ ಸಮಸ್ಯೆ ಎಂದು ಪರದಾಡುವವರು ಯಾರು? ಡೇಟಾ ಕದಿಯಲು ಬಂದವನಂತೂ ಅಲ್ಲ. ಪರದಾಡುವುದು ಹತ್ತು ವರ್ಷ ಅದೇ ಫೈಲಿನಲ್ಲಿ ದುಡಿದ ಗುಮಾಸ್ತ.

ಹಳೆಯ ಆಕ್ಸೆಸ್‌ನಲ್ಲಿ ಎರಡು ಬಗೆಯ ಪಾಸ್‌ವರ್ಡುಗಳಿದ್ದವು. ಒಂದು, ಮೇಲೆ ಹೇಳಿದ ಡೇಟಾಬೇಸ್ ಪಾಸ್‌ವರ್ಡ್. ಇಡೀ ಫೈಲಿಗೆ ಒಂದೇ. ಇನ್ನೊಂದು, ಒಬ್ಬೊಬ್ಬರಿಗೂ ಪ್ರತ್ಯೇಕ ಹೆಸರು, ಪಾಸ್‌ವರ್ಡ್ ಕೊಟ್ಟು, ಈ ಟೇಬಲ್ ಇವರು ಓದಬಹುದು, ಅವರು ತಿದ್ದಬಹುದು ಎಂದು ಹಂಚುವ ವ್ಯವಸ್ಥೆ. ಎರಡನೆಯದು ಕೇಳಲು ಚೆಂದ. ಆದರೆ ಈ ಹೆಸರು, ಪಾಸ್‌ವರ್ಡುಗಳು ಡೇಟಾಬೇಸ್ ಫೈಲಿನಲ್ಲಿ ಇರುತ್ತಿರಲಿಲ್ಲ. ‘ಸಿಸ್ಟಮ್ ಡಾಟ್ ಎಂಡಿಡಬ್ಲ್ಯು’ ಎಂಬ ಬೇರೊಂದು ಫೈಲಿನಲ್ಲಿರುತ್ತಿದ್ದವು. ಅದಕ್ಕೆ ವರ್ಕ್‌ಗ್ರೂಪ್ ಫೈಲು ಎಂದು ಹೆಸರು. ಡೇಟಾಬೇಸ್ ಒಂದು ಕಡೆ, ಅದರ ಹಾಜರಿ ಪುಸ್ತಕ ಇನ್ನೊಂದು ಕಡೆ.

ಕಂಪ್ಯೂಟರ್ ಕೆಟ್ಟಾಗ ನಡೆಯುವ ಕಥೆ ಎಲ್ಲ ಕಡೆ ಒಂದೇ. ವಿಂಡೋಸ್ ಹೊಸದಾಗಿ ಹಾಕಲು ಹುಡುಗ ಬರುತ್ತಾನೆ. ‘ಯಾವುದಾದರೂ ಮುಖ್ಯವಾದ ಫೈಲಿದೆಯಾ ಸಾರ್?’ ಎನ್ನುತ್ತಾನೆ. ಎಂಡಿಬಿ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳುತ್ತಾರೆ. ಎಂಡಿಡಬ್ಲ್ಯು ಬಗ್ಗೆ ಯಾರಿಗೂ ಗೊತ್ತಿರುವುದಿಲ್ಲ. ಅದು ವಿಂಡೋಸ್ ಜೊತೆ ಅಳಿಸಿಹೋಗುತ್ತದೆ. ಹೊಸ ವಿಂಡೋಸ್‌ನಲ್ಲಿ ಫೈಲು ತೆರೆದರೆ ‘ಈ ವಸ್ತುವನ್ನು ಬಳಸಲು ನಿಮಗೆ ಅಗತ್ಯ ಅನುಮತಿಗಳಿಲ್ಲ, ಅಡ್ಮಿನಿಸ್ಟ್ರೇಟರನ್ನು ಕೇಳಿ’ ಎಂಬರ್ಥದ ಸಂದೇಶ. ಅಡ್ಮಿನಿಸ್ಟ್ರೇಟರ್ ಅಂದರೆ ನಿವೃತ್ತರಾಗಿ ಮಗಳ ಮನೆ ಸೇರಿರುವ ಹಳೆಯ ಕಾರ್ಯದರ್ಶಿ. ಅವರಿಗೆ ಪಾಸ್‌ವರ್ಡ್ ನೆನಪಿದ್ದರೂ ಪ್ರಯೋಜನವಿಲ್ಲ. ಆ ಪಾಸ್‌ವರ್ಡನ್ನು ಒಪ್ಪಬೇಕಾದ ಫೈಲೇ ಈಗ ಇಲ್ಲವಲ್ಲ.

ಕಳೆದುಹೋದ ಎಂಡಿಡಬ್ಲ್ಯು ಫೈಲನ್ನು ಮತ್ತೆ ಹುಟ್ಟಿಸಲು ಒಂದು ದಾರಿಯಿತ್ತು. ಅದನ್ನು ಮೊದಲು ಮಾಡುವಾಗ ಕೊಟ್ಟ ಹೆಸರು, ಸಂಸ್ಥೆಯ ಹೆಸರು, ವರ್ಕ್‌ಗ್ರೂಪ್ ಐಡಿ, ಈ ಮೂರನ್ನೂ ಅಕ್ಷರ ತಪ್ಪದಂತೆ, ದೊಡ್ಡಕ್ಷರ ಚಿಕ್ಕಕ್ಷರದ ವ್ಯತ್ಯಾಸವೂ ಆಗದಂತೆ ಕೊಡಬೇಕು. ಬಳಕೆದಾರರ ಖಾತೆಗಳನ್ನೂ ಅವರವರ ಪರ್ಸನಲ್ ಐಡಿ ಕೊಟ್ಟು ಹೊಸದಾಗಿ ಮಾಡಬೇಕು. ಇವನ್ನೆಲ್ಲ ಬರೆದಿಟ್ಟುಕೊಳ್ಳಿ ಎಂದು ಆಕ್ಸೆಸ್ ಪರದೆಯ ಮೇಲೆಯೇ ಎಚ್ಚರಿಸುತ್ತಿತ್ತು. ‘ಓಕೆ’ ಒತ್ತಿ ಮುಂದೆ ಹೋಗುವುದು ನಮ್ಮ ಪದ್ಧತಿ.

ಇದೇ ವ್ಯವಸ್ಥೆಯ ಇನ್ನೊಂದು ಮುಖ ಇನ್ನೂ ವಿಚಿತ್ರ. ಪ್ರತಿ ಆಕ್ಸೆಸ್‌ನಲ್ಲೂ ‘ಅಡ್ಮಿನ್’ ಎಂಬ ಬಳಕೆದಾರ ಹುಟ್ಟಿನಿಂದಲೇ ಇರುತ್ತಾನೆ. ಅವನಿಗೆ ಪಾಸ್‌ವರ್ಡ್ ಇಲ್ಲ. ಅವನ ಹೆಸರಿನಲ್ಲಿ ಆಕ್ಸೆಸ್ ಸದ್ದಿಲ್ಲದೆ ಲಾಗಿನ್ ಆಗುತ್ತಿರುತ್ತದೆ, ಹಾಗಾಗಿ ಲಾಗಿನ್ ಎಂಬುದೊಂದು ಇದೆ ಎಂಬುದೇ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. ಯಾರಾದರೂ ಅಡ್ಮಿನ್‌ಗೆ ಪಾಸ್‌ವರ್ಡ್ ಇಟ್ಟರೋ, ಆ ಕಂಪ್ಯೂಟರಿನಲ್ಲಿ ತೆರೆಯುವ ಎಲ್ಲ ಡೇಟಾಬೇಸುಗಳೂ ಹೆಸರು, ಪಾಸ್‌ವರ್ಡ್ ಕೇಳಲು ಶುರು. ನಿನ್ನೆ ಸಂಜೆಯವರೆಗೆ ಸರಾಗವಾಗಿ ತೆರೆದುಕೊಳ್ಳುತ್ತಿದ್ದ, ಯಾರೂ ಮುಟ್ಟದ ಫೈಲೂ ಇವತ್ತು ಕೇಳುತ್ತದೆ. ‘ವೈರಸ್ ಬಂದಿದೆ’ ಎಂದು ಫಾರ್ಮ್ಯಾಟ್ ಮಾಡಿಸುವುದು ಆಗ ನಡೆಯುತ್ತಿದ್ದ ಚಿಕಿತ್ಸೆ. ಅದೇ ಫೈಲನ್ನು ಪಕ್ಕದ ಕಂಪ್ಯೂಟರಿಗೆ ಕಾಪಿ ಮಾಡಿ ನೋಡಿ, ಏನೂ ಕೇಳದೆ ತೆರೆದುಕೊಳ್ಳುತ್ತದೆ! ಯಾಕೆಂದರೆ ಜಗತ್ತಿನ ಎಲ್ಲ ಆಕ್ಸೆಸ್‌ಗಳಲ್ಲಿಯೂ ಈ ಅಡ್ಮಿನ್‌ನ ಒಳಗುರುತು ಒಂದೇ. ಫೈಲಿನ ಒಡೆತನ ಅವನ ಹೆಸರಿನಲ್ಲಿದ್ದರೆ, ಆಕ್ಸೆಸ್ ಇರುವ ಯಾರು ಬೇಕಾದರೂ ಅದರ ಮಾಲೀಕರು.

ಇಷ್ಟನ್ನು ತಿಳಿದು ಸರಿಯಾಗಿ ಬಿಗಿ ಮಾಡಬೇಕಿದ್ದರೆ ಹೊಸ ವರ್ಕ್‌ಗ್ರೂಪ್ ಫೈಲು ಮಾಡಿ, ಹೊಸ ಆಡಳಿತಗಾರನನ್ನು ಸೃಷ್ಟಿಸಿ, ಎಲ್ಲ ಟೇಬಲುಗಳ ಒಡೆತನವನ್ನು ಅವನಿಗೆ ವರ್ಗಾಯಿಸಿ, ಅಡ್ಮಿನ್‌ನನ್ನು ಆಡಳಿತಗಾರರ ಗುಂಪಿನಿಂದ ಹೊರಹಾಕಿ, ‘ಯೂಸರ್ಸ್’ ಗುಂಪಿನ ಅನುಮತಿಗಳನ್ನೂ ಕಿತ್ತುಹಾಕಬೇಕಿತ್ತು. ಒಂದು ಹೆಜ್ಜೆ ತಪ್ಪಿದರೆ ಬಾಗಿಲು ತೆರೆದೇ ಇರುತ್ತದೆ. ಇನ್ನೊಂದು ಹೆಜ್ಜೆ ತಪ್ಪಿದರೆ ಮಾಡಿದವನೇ ಹೊರಗೆ. 2007ರ ಆಕ್ಸೆಸ್‌ನೊಂದಿಗೆ ‘ಎಸಿಸಿಡಿಬಿ’ ಎಂಬ ಹೊಸ ಬಗೆಯ ಫೈಲು ಬಂದಾಗ ಮೈಕ್ರೊಸಾಫ್ಟ್ ಅದರಲ್ಲಿ ಈ ವ್ಯವಸ್ಥೆಯನ್ನು ಪೂರ್ತಿ ಕೈಬಿಟ್ಟಿತು. ಕೈಬಿಟ್ಟದ್ದು ಸರಿಯಾಗಿಯೇ ಇತ್ತು. ರಕ್ಷಣೆ ಇದೆ ಎಂಬ ಭ್ರಮೆ ರಕ್ಷಣೆ ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ಪಾಸ್‌ವರ್ಡಿಗೆ ಸಂಬಂಧವೇ ಇಲ್ಲದೆ ಪಾಸ್‌ವರ್ಡ್ ಸಮಸ್ಯೆಯ ವೇಷ ಹಾಕಿ ಬರುವ ತೊಂದರೆಗಳೂ ಇವೆ. ಪಾಸ್‌ವರ್ಡನ್ನೇ ಇಡದ ಹಳೆಯ ಎಂಡಿಬಿ ಫೈಲು ಒಂದು ದಿನ ಏಕಾಏಕಿ ಪಾಸ್‌ವರ್ಡ್ ಕೇಳಿತೆನ್ನಿ. ಕರೆಂಟು ಹೋದಾಗಲೋ ನೆಟ್‌ವರ್ಕ್ ಕಡಿದಾಗಲೋ ಫೈಲಿನ ಹೆಡರಿಗೆ ಪೆಟ್ಟಾಗಿರುವ ಸಾಧ್ಯತೆ ಹೆಚ್ಚು. ಆ ಗುಟ್ಟಿನ ಸಾಲು ಇರಬೇಕಾದ ಕಡೆ ಬೇರೇನೋ ಬಂದು ಕೂತರೆ, ಆಕ್ಸೆಸ್ ಅದನ್ನೇ ಪಾಸ್‌ವರ್ಡ್ ಎಂದು ಭಾವಿಸುತ್ತದೆ. ಇಲ್ಲಿ ನೂರು ಪಾಸ್‌ವರ್ಡ್ ಹೊಡೆದು ನೋಡುವುದು ವ್ಯರ್ಥ. ನಿನ್ನೆಯ ಬ್ಯಾಕಪ್ ಹುಡುಕಬೇಕು. ಇನ್ನು ‘ಬೇರೊಬ್ಬರು ಈಗಾಗಲೇ ತೆರೆದಿದ್ದಾರೆ’ ಎಂಬ ಸಂದೇಶ. ಆಕ್ಸೆಸ್ ಫೈಲು ತೆರೆದಾಗಲೆಲ್ಲ ಪಕ್ಕದಲ್ಲೇ ‘ಎಲ್‌ಡಿಬಿ’ ಎಂಬ ಚಿಕ್ಕ ಫೈಲು ಹುಟ್ಟುತ್ತದೆ, ಹೊಸ ಆವೃತ್ತಿಗಳಲ್ಲಿ ‘ಎಲ್‌ಎಸಿಸಿಡಿಬಿ’. ಯಾರ್ಯಾರು ಒಳಗಿದ್ದಾರೆ ಎಂಬುದರ ಲೆಕ್ಕ ಅದರಲ್ಲಿರುತ್ತದೆ. ಬಳಕೆದಾರರಿಗೆ ಆ ಫೋಲ್ಡರಿನಲ್ಲಿ ಬರೆಯುವ ಅನುಮತಿ ಇಲ್ಲದಿದ್ದರೆ ಈ ಚಿಕ್ಕ ಫೈಲು ಹುಟ್ಟುವುದಿಲ್ಲ. ಆಗ ಮೊದಲು ಬಂದವರಿಗಷ್ಟೇ ಪ್ರವೇಶ, ಉಳಿದವರಿಗೆ ತಗಾದೆ.

ಪ್ರೋಗ್ರಾಂ ಬರೆಯುವವರನ್ನು ವರ್ಷಗಟ್ಟಲೆ ಸತಾಯಿಸಿದ ಸಂದೇಶವೊಂದಿದೆ: ವರ್ಕ್‌ಗ್ರೂಪ್ ಮಾಹಿತಿ ಫೈಲು ಕಾಣೆಯಾಗಿದೆ, ಇಲ್ಲವೇ ಬೇರೊಬ್ಬರು ಅದನ್ನು ತೆರೆದುಕೊಂಡಿದ್ದಾರೆ ಎಂಬುದು ಅದರ ತಾತ್ಪರ್ಯ. ವಿಷುಯಲ್ ಬೇಸಿಕ್‌ನಿಂದಲೋ ವೆಬ್ ಪುಟದಿಂದಲೋ ಆಕ್ಸೆಸ್ ಫೈಲಿಗೆ ಸಂಪರ್ಕ ಸಾಧಿಸುವಾಗ ಇದು ಬರುತ್ತದೆ. ಓದಿದವರು ಎಂಡಿಡಬ್ಲ್ಯು ಫೈಲನ್ನು ಹುಡುಕಿಕೊಂಡು ಹೊರಡುತ್ತಾರೆ. ಹೆಚ್ಚಿನ ಸಲ ಆ ಫೈಲಿಗೂ ಸಮಸ್ಯೆಗೂ ಸಂಬಂಧವಿರುವುದಿಲ್ಲ. ಸಂಪರ್ಕದ ಸಾಲಿನಲ್ಲಿ ಬರೇ ‘ಪಾಸ್‌ವರ್ಡ್’ ಎಂದು ಬರೆದಿರುತ್ತಾರೆ, ಅದು ಬಳಕೆದಾರನ ಪಾಸ್‌ವರ್ಡ್ ಎಂದಾಗುತ್ತದೆ. ಬರೆಯಬೇಕಾದದ್ದು ‘ಜೆಟ್ ಓಎಲ್‌ಇಡಿಬಿ: ಡೇಟಾಬೇಸ್ ಪಾಸ್‌ವರ್ಡ್’ ಎಂದು. ಎರಡು ಬಗೆಯ ಪಾಸ್‌ವರ್ಡುಗಳನ್ನು ಇಟ್ಟುಕೊಂಡ ವ್ಯವಸ್ಥೆ ಎರಡರ ನಡುವಿನ ಗೊಂದಲಕ್ಕೆ ಮೂರನೆಯದರ ಮೇಲೆ ಗೂಬೆ ಕೂರಿಸುತ್ತದೆ.

ನಮ್ಮಲ್ಲಿ ಬರುವ ತೊಂದರೆಯೊಂದನ್ನೂ ಸೇರಿಸಬೇಕು. ಕೀಲಿಮಣೆ ಕನ್ನಡದಲ್ಲಿರುವಾಗ ಪಾಸ್‌ವರ್ಡ್ ಇಟ್ಟರೆ, ಅಥವಾ ಇಂಗ್ಲಿಷಿನಲ್ಲಿ ಇಟ್ಟದ್ದನ್ನು ಕೀಲಿಮಣೆ ಕನ್ನಡದಲ್ಲಿರುವಾಗ ಒತ್ತಿದರೆ, ಪರದೆಯ ಮೇಲೆ ಬರುವುದು ಎರಡೂ ಸಲ ಅದೇ ನಕ್ಷತ್ರದ ಗುರುತು. ಬೆರಳು ಸರಿ, ನೆನಪು ಸರಿ, ಅಕ್ಷರ ಬೇರೆ. ‘ಪಾಸ್‌ವರ್ಡ್ ಬದಲಾಗಿದೆ’ ಎಂಬ ದೂರು ಬಂದಾಗ ಕ್ಯಾಪ್ಸ್ ಲಾಕ್ ನೋಡುವುದರ ಜೊತೆಗೆ ಇದನ್ನೂ ನೋಡಿ. ಅದೇ ಕೀಲಿಮಣೆಯಲ್ಲಿ ಮೊದಲು ನೋಟ್‌ಪ್ಯಾಡಿನಲ್ಲಿ ಪಾಸ್‌ವರ್ಡ್ ಒತ್ತಿ, ಏನು ಮೂಡುತ್ತದೆ ಎಂದು ಕಣ್ಣಾರೆ ಕಂಡು, ಆಮೇಲೆ ಅಳಿಸಿಬಿಡಿ.

ಆಕ್ಸೆಸ್ ಒಂದನ್ನೇ ಬೈಯುವುದು ನ್ಯಾಯವಲ್ಲ. ಅದಕ್ಕೂ ಮೊದಲು ನಮ್ಮ ಸಣ್ಣ ಕಚೇರಿಗಳನ್ನು ಆಳಿದ ಡಿಬೇಸ್ ಮತ್ತು ಫಾಕ್ಸ್‌ಪ್ರೊಗಳ ‘ಡಿಬಿಎಫ್’ ಫೈಲುಗಳಿಗೆ ಪಾಸ್‌ವರ್ಡ್ ಎಂಬುದೇ ಇರಲಿಲ್ಲ. ಪ್ರೋಗ್ರಾಂ ಬರೆದವರು ತಾವೇ ಒಂದು ಲಾಗಿನ್ ಪರದೆ ಮಾಡಿ, ಎಲ್ಲರ ಪಾಸ್‌ವರ್ಡುಗಳನ್ನು ಇನ್ನೊಂದು ಡಿಬಿಎಫ್ ಫೈಲಿನಲ್ಲಿ ಇಡುತ್ತಿದ್ದರು. ಆ ಫೈಲನ್ನು ತೆರೆದರೆ ಎಲ್ಲವೂ ಕಾಣುತ್ತಿತ್ತು. ಡಿಬಿಎಫ್‌ನಲ್ಲಿ ಅಳಿಸಿದ ದಾಖಲೆಯೂ ನಿಜವಾಗಿ ಅಳಿಯುತ್ತಿರಲಿಲ್ಲ. ದಾಖಲೆಯ ಮೊದಲ ಅಕ್ಷರದ ಜಾಗದಲ್ಲಿ ಒಂದು ನಕ್ಷತ್ರ ಚಿಹ್ನೆ ಬೀಳುತ್ತಿತ್ತು, ಅಷ್ಟೇ. ‘ಪ್ಯಾಕ್’ ಎಂಬ ಆದೇಶ ಕೊಡುವವರೆಗೆ ಆ ದಾಖಲೆ ಫೈಲಿನಲ್ಲೇ ಇರುತ್ತಿತ್ತು.

ಬೋರ್ಲ್ಯಾಂಡ್ ಕಂಪನಿಯ ಇಂಟರ್‌ಬೇಸ್‌ನದ್ದು ಇನ್ನೊಂದು ಕಥೆ. 2000ದ ಜುಲೈನಲ್ಲಿ ಕಂಪನಿ ಅದರ ಮೂಲ ಸಂಕೇತವನ್ನು ಎಲ್ಲರಿಗೂ ತೆರೆದಿಟ್ಟಿತು. ಅದನ್ನು ಓದುತ್ತಿದ್ದವರಿಗೆ ಕೆಲವೇ ತಿಂಗಳಲ್ಲಿ ಒಂದು ವಿಚಿತ್ರ ಕಂಡಿತು. ‘ಪೊಲಿಟಿಕಲಿ’ ಎಂಬ ಬಳಕೆದಾರ ಹೆಸರು, ‘ಕರೆಕ್ಟ್’ ಎಂಬ ಪಾಸ್‌ವರ್ಡ್ ಕೊಟ್ಟರೆ ಯಾವ ಇಂಟರ್‌ಬೇಸ್ ಸರ್ವರೂ ಬಾಗಿಲು ತೆರೆಯುತ್ತಿತ್ತು! ಸರ್ವರ್ ತನ್ನದೇ ಬಳಕೆದಾರರ ಪಟ್ಟಿಯನ್ನು ಓದಿಕೊಳ್ಳಲೆಂದು ಎಂಜಿನಿಯರುಗಳು ಒಳಗೆ ಬರೆದಿಟ್ಟಿದ್ದ ಜೋಡಿ ಅದು. 1994ರ ನಾಲ್ಕನೆಯ ಆವೃತ್ತಿಯಿಂದಲೂ ಇತ್ತು. 2001ರ ಜನವರಿಯಲ್ಲಿ ಸುದ್ದಿ ಬಯಲಾಗಿ ತುರ್ತು ತಿದ್ದುಪಡಿಗಳು ಬಂದವು. ಅದೇ ಸಂಕೇತದಿಂದ ಕವಲೊಡೆದ ಫೈರ್‌ಬರ್ಡ್ ಇಂದಿಗೂ ಅನೇಕ ಬಿಲ್ಲಿಂಗ್ ತಂತ್ರಾಂಶಗಳ ಹೊಟ್ಟೆಯಲ್ಲಿದೆ. ಅದರ ಆಡಳಿತಗಾರನ ಹೆಸರು ‘ಸಿಸ್‌ಡಿಬಿಎ’, ಹುಟ್ಟು ಪಾಸ್‌ವರ್ಡ್ ‘ಮಾಸ್ಟರ್‌ಕೀ’. ಬದಲಿಸದೆ ಬಿಟ್ಟವರೇ ಬಹಳ. ಬದಲಿಸಿದರೂ ಹಳೆಯ ಆವೃತ್ತಿಗಳು ಪಾಸ್‌ವರ್ಡಿನ ಮೊದಲ ಎಂಟು ಅಕ್ಷರಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದವು. ಅಲ್ಲಿಯೂ ಬಳಕೆದಾರರ ಪಟ್ಟಿ ಬೇರೆ ಫೈಲಿನಲ್ಲಿ ಇದ್ದುದರಿಂದ, ಡೇಟಾ ಫೈಲನ್ನು ತನ್ನ ಕಂಪ್ಯೂಟರಿಗೆ ಒಯ್ದವನು ತನ್ನದೇ ಸಿಸ್‌ಡಿಬಿಎ ಪಾಸ್‌ವರ್ಡಿನಿಂದ ಅದನ್ನು ತೆರೆಯಬಹುದಿತ್ತು.

ಇಷ್ಟು ಹೊತ್ತಿಗೆ ವಿಷಯ ಸ್ಪಷ್ಟವಾಗಿರಬೇಕು. ‘ನೀವು ಯಾರು?’ ಎಂದು ಕೇಳುವುದು ಒಂದು ಕೆಲಸ, ಡೇಟಾವನ್ನೇ ಓದಲಾಗದಂತೆ ಕಲಸಿಡುವುದು ಇನ್ನೊಂದು. ಹಳೆಯ ತಂತ್ರಾಂಶಗಳು ಮೊದಲನೆಯದನ್ನು ಮಾಡಿ ಎರಡನೆಯದನ್ನೂ ಮಾಡಿದಂತೆ ನಟಿಸಿದವು. ಫೈಲು ಕೈಗೆ ಸಿಕ್ಕವನಿಗೆ ಮೊದಲನೆಯದು ಲೆಕ್ಕಕ್ಕೇ ಇಲ್ಲ.

2007ರ ನಂತರದ ಎಸಿಸಿಡಿಬಿ ಫೈಲುಗಳಲ್ಲಿ ಪಾಸ್‌ವರ್ಡ್ ಇಡುವುದೂ ಎನ್‌ಕ್ರಿಪ್ಟ್ ಮಾಡುವುದೂ ಒಂದೇ ಕೆಲಸವಾಯಿತು. ಆಕ್ಸೆಸ್ 2010ರಿಂದ ಆ ಎನ್‌ಕ್ರಿಪ್ಷನ್ ಇನ್ನಷ್ಟು ಗಟ್ಟಿಯಾಗಿದೆ. ಇದರ ನೋಟ್‌ಪ್ಯಾಡ್ ಪರೀಕ್ಷೆ ಮಾಡಿದರೆ ಕಾಣುವುದು ಬರೀ ಕಸ. ಇಲ್ಲಿ ಪಾಸ್‌ವರ್ಡ್ ಎಲ್ಲಿಯೂ ಬರೆದಿಟ್ಟಿಲ್ಲ, ಅದರಿಂದಲೇ ಕೀಲಿ ತಯಾರಾಗುತ್ತದೆ. ಹಾಗಾಗಿ ಪಾಸ್‌ವರ್ಡ್ ಮರೆತರೆ ಊಹಿಸುತ್ತ ಕೂರುವುದೊಂದೇ ದಾರಿ. ‘ಐದು ನಿಮಿಷದಲ್ಲಿ ಪಾಸ್‌ವರ್ಡ್ ತೆಗೆದುಕೊಡುತ್ತೇವೆ’ ಎನ್ನುವ ಜಾಹೀರಾತು ಹಳೆಯ ಎಂಡಿಬಿ ಫೈಲಿನ ಮಟ್ಟಿಗೆ ನಿಜ. ಹೊಸ ಫೈಲಿಗೆ ಗಟ್ಟಿ ಪಾಸ್‌ವರ್ಡ್ ಇಟ್ಟಿದ್ದರೆ ದುಡ್ಡು ದಂಡ. ಪಾಸ್‌ವರ್ಡ್ ತೆಗೆಸಲೆಂದು ಸದಸ್ಯರ ಇಡೀ ಪಟ್ಟಿಯನ್ನು ಯಾವುದೋ ವೆಬ್‌ಸೈಟಿಗೆ ಅಪ್‌ಲೋಡ್ ಮಾಡುವುದಂತೂ ಮಾಡಲೇಬಾರದ ಕೆಲಸ. ಬೀಗ ಒಡೆಸಲು ಹೋಗಿ ಮನೆಯನ್ನೇ ಬಿಟ್ಟುಕೊಟ್ಟಂತಾಗುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಹೊಸದರಲ್ಲಿಯೂ ಒಂದು ಬಿರುಕಿದೆ. ಹೆಚ್ಚು ಜನ ಬಳಸುವ ಕಡೆ ಡೇಟಾಬೇಸನ್ನು ಎರಡು ಭಾಗ ಮಾಡಿರುತ್ತಾರೆ: ಟೇಬಲುಗಳು ಸರ್ವರ್ ಫೋಲ್ಡರಿನಲ್ಲಿ, ಫಾರಂಗಳು ಪ್ರತಿಯೊಬ್ಬರ ಕಂಪ್ಯೂಟರಿನಲ್ಲಿ. ಟೇಬಲುಗಳ ಫೈಲಿಗೆ ಪಾಸ್‌ವರ್ಡ್ ಹಾಕಿ ಜೋಡಿಸಿದರೆ, ಆ ಪಾಸ್‌ವರ್ಡ್ ಫಾರಂಗಳ ಫೈಲಿನೊಳಗೆ ‘ಎಂಸಿಸ್ ಆಬ್ಜೆಕ್ಟ್ಸ್’ ಎಂಬ ಅಡಗಿಸಿದ ಟೇಬಲಿನಲ್ಲಿ ಇದ್ದಂತೆಯೇ ಹೋಗಿ ಕೂರುತ್ತದೆ. ಅಡಗಿಸಿದ್ದನ್ನು ತೋರಿಸು ಎಂದು ಒಂದು ಟಿಕ್ ಹಾಕಿದರೆ ಸಾಕು, ಕಾಣುತ್ತದೆ. ಲಾಗಿನ್ ಫಾರಂ ಮಾಡಿ ‘ಭದ್ರ’ ಎಂದುಕೊಂಡ ಆಕ್ಸೆಸ್ ಪ್ರೋಗ್ರಾಂಗಳ ಹಣೆಬರಹವೂ ಇಷ್ಟೇ. ಫೈಲು ತೆರೆಯುವಾಗ ಶಿಫ್ಟ್ ಕೀಲಿ ಒತ್ತಿ ಹಿಡಿದರೆ ಲಾಗಿನ್ ಫಾರಂ ಬರುವುದೇ ಇಲ್ಲ. ಆ ದಾರಿಯನ್ನು ಮುಚ್ಚಬಹುದು, ಮುಚ್ಚಿದವರು ಕಡಿಮೆ.

ಬೆಂಗಳೂರಿನಲ್ಲೇ ಹುಟ್ಟಿ ದೇಶದ ಅಂಗಡಿ ಲೆಕ್ಕಗಳನ್ನೆಲ್ಲ ಹೊತ್ತಿರುವ ಟ್ಯಾಲಿಯಲ್ಲಿ ಈ ಎರಡು ಕೆಲಸಗಳೂ ಬೇರೆಬೇರೆಯಾಗಿ ಕಾಣುತ್ತವೆ. ಬಳಕೆದಾರರ ಹೆಸರು, ಪಾಸ್‌ವರ್ಡ್, ಯಾರು ಏನು ನೋಡಬಹುದು ಎಂಬುದು ಒಂದು ವ್ಯವಸ್ಥೆ. ಟ್ಯಾಲಿವಾಲ್ಟ್ ಇನ್ನೊಂದು. ವಾಲ್ಟ್ ಪಾಸ್‌ವರ್ಡ್ ಇಟ್ಟರೆ ಡೇಟಾ ಎನ್‌ಕ್ರಿಪ್ಟ್ ಆಗುತ್ತದೆ, ಪಟ್ಟಿಯಲ್ಲಿ ಕಂಪನಿಯ ಹೆಸರಿನ ಬದಲು ನಕ್ಷತ್ರಗಳ ಸಾಲು ಕಾಣುತ್ತದೆ. ಆ ಪಾಸ್‌ವರ್ಡ್ ಮರೆತರೆ ಮರಳಿ ಪಡೆಯುವ ದಾರಿಯಿಲ್ಲವೆಂದು ಟ್ಯಾಲಿ ಕಂಪನಿಯೇ ನೇರವಾಗಿ ಹೇಳುತ್ತದೆ. ನನಗೆ ಈ ಪ್ರಾಮಾಣಿಕತೆ ಇಷ್ಟ. ಅಕೌಂಟೆಂಟ್ ಕೆಲಸ ಬಿಟ್ಟು ಹೋದ ಮೇಲೆ ‘ಬೆಂಗಳೂರಿಗೆ ಫೋನ್ ಮಾಡಿದರೆ ತೆಗೆದುಕೊಡುತ್ತಾರಂತೆ’ ಎಂಬ ಭರವಸೆಯಲ್ಲಿ ಮಾರ್ಚ್ ತಿಂಗಳನ್ನು ಕಳೆಯುವ ಅಂಗಡಿಯವರಿಗೆ ಅದು ಮೊದಲೇ ಗೊತ್ತಿರಬೇಕಿತ್ತು.

ಪಾಸ್‌ವರ್ಡನ್ನೇ ನಂಬದ ಉದಾಹರಣೆಯೂ ನಮ್ಮ ರಾಜ್ಯದಲ್ಲಿದೆ. ಎರಡು ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆ 177 ತಾಲ್ಲೂಕುಗಳಲ್ಲಿ ಜಾರಿಗೆ ಬಂದಾಗ, ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಲಾಗಿನ್ ಆಗಲು ಸಿಬ್ಬಂದಿ ಬೆರಳಚ್ಚು ಕೊಡಬೇಕಿತ್ತು. ಸಾಹೇಬರ ಪಾಸ್‌ವರ್ಡ್ ಇಡೀ ಕಚೇರಿಗೆ ಗೊತ್ತಿರುವುದು ಹೊಸ ಸಂಗತಿಯಲ್ಲವಲ್ಲ. ‘ಆ ತಿದ್ದುಪಡಿ ನಾನು ಮಾಡಿದ್ದಲ್ಲ, ಯಾರೋ ನನ್ನ ಪಾಸ್‌ವರ್ಡ್ ಬಳಸಿದ್ದಾರೆ’ ಎಂದು ಜಾರಿಕೊಳ್ಳಲು ಬೆರಳಚ್ಚು ಬಿಡುವುದಿಲ್ಲ. ಲಾಗಿನ್ ಎಂಬುದರ ಅರ್ಧ ಕೆಲಸ ತಡೆಯುವುದು, ಉಳಿದರ್ಧ ಯಾರು ಮಾಡಿದರು ಎಂದು ದಾಖಲಿಸುವುದು. ಒಂದೇ ಪಾಸ್‌ವರ್ಡನ್ನು ಹತ್ತು ಜನ ಹಂಚಿಕೊಳ್ಳುವ ಆಕ್ಸೆಸ್ ಫೈಲಿನಲ್ಲಿ ಈ ಎರಡನೆಯದು ನಡೆಯುವುದೇ ಇಲ್ಲ.

ಸಣ್ಣ ಸಂಸ್ಥೆ ಏನು ಮಾಡಬೇಕು? ದೊಡ್ಡ ಖರ್ಚಿನ ಕೆಲಸವೇನಿಲ್ಲ. ಎಂಡಿಬಿ ಫೈಲಿದ್ದರೆ ಎಸಿಸಿಡಿಬಿಗೆ ಬದಲಿಸಿ, ನಾಲ್ಕಾರು ಪದಗಳ ಉದ್ದದ ಪಾಸ್‌ವರ್ಡ್ ಇಡಿ, ಆಕ್ಸೆಸ್ 20 ಅಕ್ಷರಗಳವರೆಗೆ ಬಿಡುತ್ತದೆ. ಪಾಸ್‌ವರ್ಡ್ ಇಡಬೇಕಾದರೆ ಫೈಲನ್ನು ‘ಎಕ್ಸ್‌ಕ್ಲೂಸಿವ್’ ಆಗಿ ತೆರೆಯಬೇಕು, ಬೇರೆ ಯಾರೂ ಒಳಗಿರಬಾರದು. ಇದು ತಿಳಿಯದೆ ‘ಆಯ್ಕೆಯೇ ಕೆಲಸ ಮಾಡುತ್ತಿಲ್ಲ’ ಎಂದು ಕೈಬಿಡುವವರಿದ್ದಾರೆ. ಇಟ್ಟ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆಯಿರಿ. ಹೌದು, ಬರೆಯಿರಿ. ಲಕೋಟೆಗೆ ಹಾಕಿ, ಅಂಟಿಸಿದ ಕಡೆ ಅಧ್ಯಕ್ಷರೂ ಕಾರ್ಯದರ್ಶಿಯೂ ಸಹಿ ಮಾಡಿ, ಸಂಘದ ತಿಜೋರಿಯಲ್ಲಿಡಿ. ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ರಬ್ಬರ್ ಸ್ಟ್ಯಾಂಪು, ಚೆಕ್ ಪುಸ್ತಕದ ಜೊತೆ ಇದೂ ಒಂದು ಬಾಬ್ತು ಆಗಲಿ. ಮಾನಿಟರಿನ ಅಂಚಿಗೆ ಅಂಟಿಸುವುದು ಮಾತ್ರ ಬೇಡ.

ಫೈಲಿಗಿಂತ ಮೊದಲು ಕಂಪ್ಯೂಟರಿಗೆ ರಕ್ಷಣೆ ಕೊಡುವುದು ಇನ್ನೂ ಸುಲಭ. ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿ ಬಿಟ್‌ಲಾಕರ್ ಇದೆ, ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುತ್ತದೆ. ಲ್ಯಾಪ್‌ಟಾಪ್ ಕಳವಾದರೆ ಕಳ್ಳನಿಗೆ ಸಿಗುವುದು ಲ್ಯಾಪ್‌ಟಾಪ್ ಮಾತ್ರ. ಅದರ 48 ಅಂಕಿಗಳ ರಿಕವರಿ ಕೀಲಿಯೂ ಅದೇ ಲಕೋಟೆಗೆ ಸೇರಲಿ. ಐದಾರು ಜನ ಒಟ್ಟಿಗೆ ಬಳಸುವ, ಯಾರು ಏನು ತಿದ್ದಿದರು ಎಂದು ತಿಳಿಯಲೇಬೇಕಾದ ಡೇಟಾ ಆಗಿದ್ದರೆ ಆಕ್ಸೆಸ್‌ನ ಫಾರಂಗಳನ್ನು ಇಟ್ಟುಕೊಂಡು ಟೇಬಲುಗಳನ್ನು ಎಸ್‌ಕ್ಯುಎಲ್ ಸರ್ವರ್ ಎಕ್ಸ್‌ಪ್ರೆಸ್ ಅಥವಾ ಪೋಸ್ಟ್‌ಗ್ರೆಸ್‌ಗೆ ಸಾಗಿಸಬಹುದು. ಎರಡೂ ಪುಕ್ಕಟೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸೂಕ್ತ ಭದ್ರತೆ ಒದಗಿಸದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕುವ ಅವಕಾಶವಿದೆ. ಊರಿನ ಸಹಕಾರ ಸಂಘಕ್ಕೆ ಅಷ್ಟು ದಂಡ ಬೀಳುತ್ತದೆಂದಲ್ಲ. ಆದರೆ ಸದಸ್ಯರ ಆಧಾರ್ ಸಂಖ್ಯೆ ನೋಟ್‌ಪ್ಯಾಡಿನಲ್ಲಿ ಕಾಣುವಂತಿದ್ದರೆ ಅದಕ್ಕೆ ‘ಸೂಕ್ತ ಭದ್ರತೆ’ ಎನ್ನಲು ಯಾವ ವಕೀಲರಿಗೂ ಕಷ್ಟ.

ಕೊನೆಯದಾಗಿ ಒಂದು ತುರ್ತು ಮಾತು. ಆಕ್ಸೆಸ್ 97ರ ಫೈಲುಗಳನ್ನು ಆಕ್ಸೆಸ್ 2013 ಮತ್ತು ಅದರ ನಂತರದ ಆವೃತ್ತಿಗಳು ತೆರೆಯುವುದೇ ಇಲ್ಲ, ಪಾಸ್‌ವರ್ಡ್ ನೆನಪಿದ್ದರೂ ತೆರೆಯುವುದಿಲ್ಲ. ಅವನ್ನು ಹೊಸ ರೂಪಕ್ಕೆ ಪರಿವರ್ತಿಸಲು 2010 ಅಥವಾ ಅದಕ್ಕೂ ಹಿಂದಿನ ಆಕ್ಸೆಸ್ ಬೇಕು. ಆಫೀಸ್ 2010ಕ್ಕೆ ಮೈಕ್ರೊಸಾಫ್ಟ್ ಕೊಡುತ್ತಿದ್ದ ಬೆಂಬಲ 2020ರ ಅಕ್ಟೋಬರಿನಲ್ಲೇ ಮುಗಿದಿದೆ. ಅಂಥ ಆಕ್ಸೆಸ್ ಇರುವ ಹಳೆಯ ಕಂಪ್ಯೂಟರ್ ನಿಮ್ಮ ಕಚೇರಿಯಲ್ಲಿ ಇನ್ನೂ ಉಸಿರಾಡುತ್ತಿದ್ದರೆ, ಗುಜರಿಯವನಿಗೆ ಕೊಡುವ ಮೊದಲು ಫೈಲುಗಳನ್ನು ಪರಿವರ್ತಿಸಿಕೊಳ್ಳಿ, ಅದರಲ್ಲಿರುವ ಎಂಡಿಡಬ್ಲ್ಯು ಫೈಲುಗಳನ್ನೂ ಹುಡುಕಿ ಕಾಪಿ ಮಾಡಿಕೊಳ್ಳಿ, ಆಮೇಲೆ ಹಾರ್ಡ್ ಡಿಸ್ಕನ್ನು ಬಿಚ್ಚಿ ನಿಮ್ಮಲ್ಲೇ ಇಟ್ಟುಕೊಳ್ಳಿ.